ಮೂರು ತಾಸಿನ ಕಾವು

ಆಳಂದ
೭ ಡಿಸೆಂಬರ್ ೧೯೪೭

ಚಿರಂಜೀವಿ ತಮ್ಮ ಧರ್ಮಣ್ಣನಿಗೆ,

ಅಕ್ಕ ತುಳಜಾಬಾಯಿಯ ಆಶೀರ್ವಾದ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ, ಈ ಸಲ ಸಿಟ್ಟು ನನ್ನ ಪಾಲಿನದು. ಸಿಟ್ಟಿನಲ್ಲಿ ಬರೆದ ಎರಡು ಕಾಗದಗಳನ್ನು ಒಲೆಗೆ ಹಾಕಿದ್ದೇನೆ. ಇದು ಮೂರನೆಯದು. ಇದರಲ್ಲೂ ಸ್ವಲ್ಪ ಉಳಿದಿದ್ದರೆ ಸಹಿಸಿಕೋ.

ನೀನು ಬರೆದದ್ದನ್ನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ನೋಡು. ಟಾಂಗಾನಿಕಾದಲ್ಲಿ ಸರ್ಕಾರ ಕಾಡು ಕಡಿದು ಹರದಾರಿಗಟ್ಟಲೆ ಶೇಂಗಾ ಬಿತ್ತಲು ಹೊರಟಿದೆ. ಆ ದೇಶದ ಹವೆ ಇಪ್ಪತ್ತೈದು ವರ್ಷಗಳಲ್ಲಿ ಕಾಯುತ್ತ ಬಂದಿದೆಯೋ ತಂಪಾಗುತ್ತ ಬಂದಿದೆಯೋ ಎಂದು ನೋಡಲು ಹೊಸ ಸಾಹೇಬನೊಬ್ಬ ಬಂದಿದ್ದಾನೆ. ರೈಲು ಸ್ಟೇಶನ್ನುಗಳಲ್ಲಿ ದಿನಾಲು ಉಷ್ಣತೆ ನೋಡಿ ಬರೆದ ಹಳೆಯ ಬುಕ್ಕುಗಳನ್ನೆಲ್ಲ ತರಿಸಿದ್ದಾನೆ. ನಿನ್ನ ಸ್ಟೇಶನ್ನಿನ ಬುಕ್ಕಿನಲ್ಲಿ, ಅಂದರೆ ನಿನಗಿಂತ ಮೊದಲು ಅಲ್ಲಿ ಇಪ್ಪತ್ತನಾಲ್ಕು ವರ್ಷ ನಮ್ಮ ಅಪ್ಪ ಬರೆದ ಬುಕ್ಕಿನಲ್ಲಿ, ಮೊದಲ ಹದಿನಾಲ್ಕು ವರ್ಷ ಕಾವು ಕಡಿಮೆ, ಕೊನೆಯ ಹತ್ತು ವರ್ಷ ಹನ್ನೊಂದು ಡಿಗ್ರಿ ಹೆಚ್ಚು. ನಡುವೆ ಮೆಟ್ಟಿಲಿಲ್ಲ, ಒಂದೇ ನೆಗೆತ. "೧೯೩೬ರಲ್ಲಿ ಸೂರ್ಯನಾದರೂ ಇಲ್ಲಿಗೆ ಹತ್ತಿರ ಬಂದಿರಬೇಕು, ಇಲ್ಲವೇ ಅದಕ್ಕೆ ಮೊದಲು ನಿನ್ನ ತಂದೆ ಮನೆಯಲ್ಲಿ ಕುಳಿತು ಬರೆದಿರಬೇಕು" ಎಂದು ಸಾಹೇಬ ನಿನ್ನೆದುರಿಗೇ ಅಂದನಂತೆ. ಬರುವ ವರ್ಷದ ಕೊನೆಗೆ ಅವನ ವರದಿ ಮುಗಿಯುತ್ತದೆ. ಅಷ್ಟರೊಳಗೆ ಸಮಾಧಾನ ಸಿಗದಿದ್ದರೆ ಆ ಹದಿನಾಲ್ಕು ವರ್ಷಕ್ಕೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ ಭೀಮಶಾ ಎಂಬ ನೌಕರನ ಸುಳ್ಳು ಬರಹ ಎಂದು ಬರೆಯುತ್ತಾನೆ.

ಇಲ್ಲಿಯವರೆಗೆ ಸರಿ. ಅದರ ಮುಂದಿನ ಸಾಲು ನನಗೆ ನುಂಗಲಾಗಲಿಲ್ಲ. ಅಪ್ಪ ಖರೇ ನೋಡಿ ಬರೆದಿದ್ದಾನೋ ಇಲ್ಲವೋ, ಹಗುರವಾಗಿ ಕೇಳಿ ತಿಳಿಸು ಎಂದಿದ್ದೀ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವನು ನೀನು. ಸಾಹೇಬ ಹೊಸಬ, ಅವನಿಗೆ ಅಪ್ಪ ಗೊತ್ತಿಲ್ಲ. ನಿನಗೇನಾಗಿತ್ತು?

ಕೇಳಿದೆ, ಕೇಳದೆ ಬಿಡಲಿಲ್ಲ. ಹಗುರವಾಗಿ ಕೇಳುವುದು ನನಗೆ ಬಾರದು, ಅದಕ್ಕೆ ನಿನ್ನ ಕಾಗದವನ್ನೇ ಓದಿ ಹೇಳಿದೆ. ಅಪ್ಪ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ. ಕೊನೆಯವರೆಗೆ ಕೇಳಿ, ಧೋತರದ ಮೇಲಿನ ಸಿಪ್ಪೆ ಝಾಡಿಸಿ ಎದ್ದ. "ಸಾಹೇಬ ಕೇಳಿದ್ರ ಹೇಳ್ತಿದ್ದೆ. ಮಗಾನೇ ಕೇಳಾಕತ್ತಾನಂದ್ರ ಏನ ಹೇಳಬೇಕು?" ಅಂದ. ಆ ದಿನ ರೊಟ್ಟಿ ಮುಟ್ಟಲಿಲ್ಲ. ಮರುದಿನ ಮತ್ತೆ ಬಾಯಿ ತೆಗೆದೆ. "ಬರದದ್ದು ಬರದೇನಿ. ಆ ಮಾತು ಬಿಡು ಯವ್ವಾ" ಎಂದು ನೆರೆಮನೆಯ ಪೀರಸಾಬನ ಕಟ್ಟೆಗೆ ಹೋಗಿ ಕುಳಿತ. ಅವನು ತನಗಾಗಿ ಮಾಡಿಟ್ಟುಕೊಂಡ ನಕಲಿನ ನೋಟ್‌ಬುಕ್ಕುಗಳು ಟ್ರಂಕಿನಲ್ಲಿವೆ, ಟ್ರಂಕಿಗೆ ಬೀಗ, ಬೀಗದ ಕೈ ಅವನ ಉಡಿದಾರದಲ್ಲಿ. ಇನ್ನು ನಾನು ಏನು ಮಾಡಲಿ?

ನೀನು ಒಂದು ಕೆಲಸ ಮಾಡು. ನೆಗೆತಕ್ಕೆ ಮೊದಲಿನದೊಂದು ಹಾಳೆ, ಆಮೇಲಿನದೊಂದು ಹಾಳೆ, ಇದ್ದದ್ದು ಇದ್ದ ಹಾಗೆ ನಕಲು ಮಾಡಿ ಕಳಿಸು. ಚಿತ್ತು ಇದ್ದರೆ ಚಿತ್ತನ್ನೂ ಬರೆ. ನಿನ್ನ ಜಾಣತನ ಅದರಲ್ಲಿ ಸೇರಿಸಬೇಡ.

ಊರಿನ ಸುದ್ದಿ ಕಾಗದದಲ್ಲಿ ಬರೆಯುವ ಹಾಗಿಲ್ಲ. ನಾನು ಕಲಿಸುವ ಹೆಣ್ಣುಮಕ್ಕಳ ಶಾಲೆಗೆ ದಿನಕ್ಕೆ ಐದಾರು ಹುಡುಗಿಯರು ಬಂದರೆ ಹೆಚ್ಚು. ಮಾದನಹಿಪ್ಪರಗಾದಿಂದ ಎಷ್ಟೋ ಮನೆಯವರು ಗಡಿ ದಾಟಿದ್ದಾರೆ. ನಾವಿನ್ನೂ ಇದ್ದೇವೆ. ಇದನ್ನು ಸೋಲಾಪುರಕ್ಕೆ ಹೋಗುವವರ ಕೈಯಲ್ಲಿ ಕೊಟ್ಟು ಅಲ್ಲಿಂದ ಅಂಚೆಗೆ ಹಾಕಿಸುತ್ತೇನೆ. ಮೈ ಕಡೆ ಜೋಪಾನ.

ನಿನ್ನ ಅಕ್ಕ
ತುಳಜಾಬಾಯಿ


ಆಳಂದ
೧೨ ಡಿಸೆಂಬರ್ ೧೯೪೮

ಚಿರಂಜೀವಿ ಧರ್ಮಣ್ಣನಿಗೆ,

ಅಕ್ಕನ ಆಶೀರ್ವಾದ. ಇತ್ತ ಕಡೆ ಎಲ್ಲರೂ ಕ್ಷೇಮ ಎಂದು ಬರೆದು ಕಾಗದ ಸುರುಮಾಡುವುದು ರೂಢಿ. ಒಂದು ವರ್ಷ ನಾನು ಬರೆಯದೆ ಇದ್ದದ್ದು ಆ ಒಂದು ಸಾಲು ಬರೆಯಲಾಗದ್ದಕ್ಕೆ. ಇಂದು ಬರೆಯುತ್ತಿದ್ದೇನೆ. ನಾವಿಬ್ಬರೂ ಕ್ಷೇಮವಾಗಿದ್ದೇವೆ ಕಣೋ. ನಡುವೆ ಒಂದು ತಾರು ಬಿಟ್ಟರೆ ನಿನಗೆ ಏನೂ ಕಳಿಸಲಿಲ್ಲ, ಅದಕ್ಕೆ ಕ್ಷಮೆ ಇರಲಿ.

ನಿನ್ನ ವಿಮಾನದ ಕಾಗದ ಗುರುವಾರ ಕೈ ಸೇರಿತು. ಶಾಲೆಯ ಪಡಸಾಲೆಯಲ್ಲೇ ಒಡೆದೆ. ಸಾಹೇಬ ಒಪ್ಪಿದ ಎಂಬ ಸಾಲು ಓದಿ ಅಲ್ಲೇ ಕಂಬಕ್ಕೊರಗಿ ಕುಳಿತೆ. ಹುಡುಗಿಯರು ಗಾಬರಿಯಾಗಿ ನೀರು ತಂದರು. ನವೆಂಬರ್ ತಿಂಗಳಿಡೀ ದಿನಕ್ಕೆರಡು ಸಲ ನೋಡಿದೆ, ಬೆಳಗಿನ ಒಂಬತ್ತರ ಕಾವು ಅಪ್ಪನ ಹಳೆಯ ನವೆಂಬರುಗಳಿಗೂ ಮಧ್ಯಾಹ್ನ ಮೂರರ ಕಾವು ಅಪ್ಪನ ಕೊನೆಯ ನವೆಂಬರುಗಳಿಗೂ ತಾಳೆಯಾಯಿತು ಎಂದು ಬರೆದಿದ್ದೀಯಲ್ಲ, ಅದನ್ನು ಎಷ್ಟು ಸಲ ಓದಿದೆನೋ. ಕೆಂಪು ಗೀಟು ಬೀಳಲಿಲ್ಲ. ಅಪ್ಪನ ಹೆಸರು ಉಳಿಯಿತು. ವರ್ಷದಿಂದ ಎದೆಯ ಮೇಲಿದ್ದ ಬೀಸುಕಲ್ಲು ಇಳಿದಂತಾಗಿದೆ.

"ಮೂರು ಅಂದರೆ ಬೆಳಗಿನ ಒಂಬತ್ತು, ನೋಡು" ಎಂಬ ನನ್ನ ತಾರು ಓದಿ, ಅಕ್ಕನಿಗೆ ಗಲಾಟೆಯಲ್ಲಿ ತಲೆ ಕೆಟ್ಟಿರಬೇಕು ಎಂದುಕೊಂಡೆಯಂತೆ. ತಲೆ ನೆಟ್ಟಗಿದೆ. ಅದು ಹೇಗೆ ಹೊಳೆಯಿತು ಎಂದು ಕೇಳಿದ್ದೀ. ಹೇಳುತ್ತೇನೆ, ಆದರೆ ಅದರಲ್ಲಿ ನನ್ನ ಜಾಣತನ ಏನೂ ಇಲ್ಲ, ದಡ್ಡತನವೇ ಇದೆ.

ಏಪ್ರಿಲಿನಲ್ಲಿ ಲೂಟಿಯ ಅಂಜಿಕೆಗೆ ನಾವೂ ಗಡಿ ದಾಟಿ ಹಿಂದುಸ್ತಾನದ ಕಡೆ ಹೋಗಬೇಕಾಯಿತು. ಅಕ್ಕಲಕೋಟೆಯಲ್ಲಿ ಐದು ತಿಂಗಳು ಇದ್ದೆವು. ಹೊರಡುವ ದಿನ ಅಪ್ಪ ತನ್ನ ಟ್ರಂಕನ್ನು ಪೀರಸಾಬನಿಗೆ ಒಪ್ಪಿಸಿದ. ಪೀರಸಾಬ ಅದನ್ನು ತಮ್ಮ ನೆಲದ ಹಗೇವಿನಲ್ಲಿ ಇಳಿಸಿ, ಮೇಲೆ ಜೋಳ ಸುರಿದು ಅದರ ಬಾಯಿ ಮುಚ್ಚಿದ. "ಜ್ವಾಳ ಒಯ್ದರೂ ಒಯ್ಯಲಿ, ನಿಮ್ಮ ಪೆಟ್ಟಿಗಿ ತಳದಾಗ ಇರ್ತದ" ಅಂದ. ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂತು, ನಾವು ತಿರುಗಿ ಬಂದೆವು. ಆಗ ಅಂಜಿಕೆ ನಮ್ಮ ಮನೆಯಿಂದೆದ್ದು ಪೀರಸಾಬನ ಮನೆಗೆ ಹೋಗಿತ್ತು. ಹೊರಗಿನಿಂದ ಯಾರ್ಯಾರೋ ಬಂದು ಅವನ ಮನೆ ಯಾವುದೆಂದು ಕೇಳುತ್ತಿದ್ದರು. ಅವನೂ ಅವನ ಹೆಂಡತಿ ಹಜರಾಬಿಯೂ ಎಂಟು ದಿನ ನಮ್ಮ ಮನೆಯಲ್ಲೇ ಇದ್ದರು, ಅಪ್ಪ ಹಗಲೆಲ್ಲ ಅವರ ಬಾಗಿಲಲ್ಲಿ ಕೋಲು ಹಿಡಿದು ಕುಳಿತ. ಅಪ್ಪನ ಕೋಲಿಗೆ ನಾಯಿಯೂ ಹೆದರುವುದಿಲ್ಲ, ಆದರೂ ಯಾರೂ ಒಳಗೆ ಹೋಗಲಿಲ್ಲ. ಒಂಬತ್ತನೆಯ ದಿನ ಅವರು ಮನೆಗೆ ಹೋದರು, ಟ್ರಂಕು ಜೋಳದ ಧೂಳಿನ ಸಮೇತ ನಮ್ಮ ಮನೆಗೆ ಬಂತು.

ನೀನು ಕಳಿಸಿದ ಎರಡು ಹಾಳೆಗಳು ಆಳಂದದಿಂದ ತಿರುಗಿ ಬಂದು ನನಗೆ ಅಕ್ಕಲಕೋಟೆಯಲ್ಲೇ ಸಿಕ್ಕಿದ್ದವು. ಒಂದು ೧೯೩೧ರದು, ಒಂದು ೧೯೩೮ರದು. ಎರಡರ ತಲೆಯ ಮೇಲೂ ನೋಡಿದ ಹೊತ್ತು ಎಂಬಲ್ಲಿ ಮೂರು ಎಂಬ ಅಂಕಿ. ಆ ಹಾಳೆಗಳನ್ನು ತಿರುವಿ ತಿರುವಿ ಅಂಚು ಹರಿದವು. ನಿಜ ಹೇಳಲೇ? ಒಂದೊಂದು ದಿನ ನನಗೂ ಅನುಮಾನ ಬಂತು. ಒಂದೇ ಊರು, ಥರ್ಮಾಮೀಟರಿಟ್ಟ ಒಂದೇ ಪೆಟ್ಟಿಗೆ, ಒಂದೇ ಹೊತ್ತು, ಆದರೆ ಕಾವು ಬೇರೆ. ಅಪ್ಪನೇ ಬರೆದು ತುಂಬಿಸಿದ್ದರೆ ಎಂದು ಎನಿಸಿ, ಎದುರಿಗೆ ರೊಟ್ಟಿ ತಿನ್ನುತ್ತಿದ್ದ ಅಪ್ಪನ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಇನ್ನು ಶಾಲೆಯ ಕಥೆ. ಅಕ್ಟೋಬರಿನಲ್ಲಿ ಶಾಲೆ ಮತ್ತೆ ತೆರೆಯಬೇಕೆಂದಾಯಿತು. ತಾಯಂದಿರ ಅಂಜಿಕೆ ಬಿಡಿಸದೆ ಹುಡುಗಿಯರು ಬರುವುದಿಲ್ಲ. ಎಲ್ಲರನ್ನೂ ಸೋಮವಾರ ಮಧ್ಯಾಹ್ನ ಮೂರಕ್ಕೆ ಕರೆಯೋಣವೆಂದು ಹಜರಾಬಿಗೆ ಹೇಳಿದೆ, ಆಕೆ ಓಣಿ ಓಣಿ ತಿರುಗುವವಳು. ಗಂಟೆ ಗಿಂಟೆ ಅಂದರೆ ಅವರಿಗೆ ತಿಳಿಯಲಿಕ್ಕಿಲ್ಲ, ಊರ ಮಾತಿನಲ್ಲೇ ಹೇಳೋಣ ಎಂದು ದೊಡ್ಡಸ್ತಿಕೆಯಿಂದ, "ಸೋಮವಾರ ಮೂರು ತಾಸಿಗೆ ಬರ್ರಿ ಅಂತ ಹೇಳು" ಅಂದೆ. ಮಧ್ಯಾಹ್ನ ಎನ್ನಲಿಲ್ಲ. ಊರ ಮಾತು ಆಡಿದ್ದೇ ತಪ್ಪಾಯಿತು.

ಸೋಮವಾರ ಎರಡೂವರೆಗೆ ಕೊಡೆ ಹಿಡಿದು ಹೋದೆ. ಪಡಸಾಲೆ ತುಂಬ ಹೆಂಗಸರು. ಮಕ್ಕಳಿಗೆ ಹಾಕಿದ್ದ ಹೂವು ಬಾಡಿತ್ತು, ಒಂದಿಬ್ಬರು ಅಲ್ಲೇ ಮಲಗಿದ್ದರು. ಹಜರಾಬಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದಳು.

"ಏನ್ರಿ ಬಾಯಾರ, ಇದೇನು ಬರೋ ಹೊತ್ತೇನ್ರಿ? ಮಂದಿ ಮುಂಜಾನಿಂದ ಕುಂತು ಕುಂತು ಸಾಕಾಗಿ ನನ್ನ ಬೈಯಾಕತ್ತಾರ."

"ಮೂರು ತಾಸಿಗೆ ಅಂದಿದ್ದೆನಲ್ಲ ಹಜರಾಬಿ. ಇನ್ನೂ ಅರ್ಧ ತಾಸು ಅದ."

"ಮೂರು ತಾಸು ಎಂದೋ ಆತಲ್ರಿ. ಹೊತ್ತು ಹುಟ್ಟಿ ಮೂರು ತಾಸಿಗೆ ನಾವು ಇಲ್ಲಿ ಇದ್ದೇವಿ."

"ಗಡಿಯಾರದಾಗ ಮೂರು ಅಂದಿದ್ದೆ ನಾನು."

"ಹೊತ್ತು ಹುಟ್ಟೋದು ನಮಗ ಕಾಣತದ. ನಿಮ್ಮ ಗಡಿಯಾರ ಯಾವಾಗ ಹುಟ್ಟತದೋ ನಮಗೇನು ಗೊತ್ತದ್ರಿ?"

ಹೆಂಗಸರೆಲ್ಲ ನಕ್ಕರು. ನಾನೂ ನಗಲು ಬಾಯಿ ತೆಗೆದೆ, ನಗು ಅರ್ಧಕ್ಕೇ ನಿಂತಿತು. ಸೂರ್ಯ ಹುಟ್ಟಿ ಮೂರು ತಾಸು ಎಂದರೆ ಗಡಿಯಾರದಲ್ಲಿ ಒಂಬತ್ತು. ನಮ್ಮ ಹುಟ್ಟೂರು ಕೊಳಕೂರಿನ ಹೊಲದಲ್ಲಿ ಎಲ್ಲರೂ ಹಾಗೆಯೇ ಎಣಿಸುವುದು, ಅಪ್ಪ ಇಂದಿಗೂ ಮೂರು ತಾಸಿಗೆ ಬೆಳಗಿನ ನ್ಯಾರಿ ಕೇಳುತ್ತಾನೆ. ಅದನ್ನು ದಿನಾಲು ಕೇಳುತ್ತಲೇ ನಾನು ಆ ಎರಡು ಹಾಳೆ ತಿರುವುತ್ತಿದ್ದೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ, ಹಾಗಾಯಿತು ನನ್ನ ಕಥೆ. ಸಭೆಯನ್ನು ಹಜರಾಬಿಗೇ ಒಪ್ಪಿಸಿ ಮನೆಗೆ ಓಡಿದೆ. ಆಕೆಯೇ ನನಗಿಂತ ಚೆನ್ನಾಗಿ ಮಾತಾಡಿದಳಂತೆ, ಬುಧವಾರ ಇಪ್ಪತ್ತೊಂದು ಹುಡುಗಿಯರು ಬಂದರು.

ಅಪ್ಪ ಹಿತ್ತಲಲ್ಲಿ ಹಗ್ಗ ಹೊಸೆಯುತ್ತಿದ್ದ. "ಯಪ್ಪಾ, ಆಫ್ರಿಕಾದಾಗ ಆ ಪೆಟ್ಟಿಗಿ ಎಷ್ಟಕ್ಕ ತೆಗೀತಿದ್ದಿ?" ಎಂದೆ.

"ಮೂರು ತಾಸಿಗೆ."

"ಗಡಿಯಾರದಾಗ?"

"ಗಡಿಯಾರದಾಗ ಒಂಬತ್ತು. ಯಾಕ?"

ಸಭೆಯಲ್ಲಿ ಆದದ್ದನ್ನು ಹೇಳಿದೆ. ಅಪ್ಪ ಹಗ್ಗ ಕೆಳಗಿಟ್ಟ. ವರ್ಷದಿಂದ ಕಟ್ಟಿದ್ದ ಮಾತು ಆಗ ಬಿಚ್ಚಿತು. ಸ್ಟೇಶನ್ನಿನ ಹಮಾಲ ಜುಮಾ ಮೊದಲ ದಿನ ಅವನನ್ನು ಪೆಟ್ಟಿಗೆಯ ಹತ್ತಿರ ಕರೆದೊಯ್ದು ಸೂರ್ಯನ ಕಡೆ ಕೈ ತೋರಿಸಿ, "ಸಾ ತಾತು" ಅಂದನಂತೆ. "ಸಾ ಅಂದ್ರ ಅವರ ಮಾತಿನಾಗ ತಾಸು, ತಾತು ಅಂದ್ರ ಮೂರು. ಅವರೂ ನಮ್ಮಂಗ ಹೊತ್ತು ಹುಟ್ಟಿದ ಮ್ಯಾಲೆ ತಾಸು ಎಣಸ್ತಾರ. ಸಮುದ್ರ ದಾಟಿ ಹೋದಾವ ನಾ, ಒಬ್ಬರ ಮಾತೂ ತಿಳೀತಿರಲಿಲ್ಲ. ಅದೊಂದು ತಿಳೀತು ನೋಡು. ಅವತ್ತು ರಾತ್ರಿ ನಿದ್ದಿ ಹತ್ತಿತು" ಅಂದ. ಆಗಿನ ಸಾಹೇಬನೂ ಜುಮಾನ ಹಾಗೆಯೇ ತಾಸು ಎಣಿಸುತ್ತಿದ್ದ, ಅದಕ್ಕೇ ಅಪ್ಪ ಮೂರು ಎಂದು ಬರೆದ. ೧೯೩೬ರಲ್ಲಿ ಬೇರೆ ಸಾಹೇಬ ಬಂದು ಮಧ್ಯಾಹ್ನ ಗಡಿಯಾರದ ಮೂರಕ್ಕೆ ನೋಡಬೇಕೆಂದು ಹುಕುಂ ಮಾಡಿದ. ಅಪ್ಪ ಮಧ್ಯಾಹ್ನ ನೋಡತೊಡಗಿದ, ಆಗಲೂ ಮೂರು ಎಂದೇ ಬರೆದ.

"ಹೊತ್ತು ಬದಲಾತು ಅಂತ ಒಂದು ಮಾತು ಬರೀಬೇಕಿತ್ತಲ್ಲ ಯಪ್ಪಾ" ಎಂದೆ.

"ಯಾರು ಕೇಳಿದ್ರು?" ಅಂದ.

ಈ ಮನುಷ್ಯನಿಗೆ ಏನು ಹೇಳುವುದು, ನೀನೇ ಹೇಳು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಗುಲಬರ್ಗಾಕ್ಕೆ ಹೋಗಿ ನಿನಗೆ ತಾರು ಕೊಟ್ಟೆ.

ಟ್ರಂಕಿನ ಬೀಗವೂ ತೆರೆಯಿತು. ಸಾಹೇಬನ ಮೂಲ ಪ್ರಶ್ನೆಯನ್ನು ಯಾರೂ ಮರೆಯಬಾರದೆಂದು ನಾನು ಅಪ್ಪನ ನೋಟ್‌ಬುಕ್ಕುಗಳಿಂದ ಬೆಳಗಿನದು ಬೇರೆ, ಮಧ್ಯಾಹ್ನದ್ದು ಬೇರೆ ಮಾಡಿ ಸರಾಸರಿ ತೆಗೆದೆ. ಎರಡು ತಿಂಗಳು ಪಾಟಿಯ ಮೇಲೆ ಅದೇ ಕೆಲಸ. ಬೆಳಗಿನ ಮೊದಲ ಏಳು ವರ್ಷದ್ದು ಫ್ಯಾರನ್‌ಹೀಟಿನಲ್ಲಿ ಎಪ್ಪತ್ತೊಂದು ದಶಾಂಶ ಎರಡು, ಮುಂದಿನ ಏಳು ವರ್ಷದ್ದು ಎಪ್ಪತ್ತೊಂದು ದಶಾಂಶ ಆರು. ಮಧ್ಯಾಹ್ನದ್ದೂ ಹಾಗೆಯೇ, ಮೊದಲ ಐದು ವರ್ಷಕ್ಕಿಂತ ಕೊನೆಯ ಐದು ವರ್ಷ ಒಂದಿಷ್ಟು ಹೆಚ್ಚು, ಅರ್ಧ ಡಿಗ್ರಿಯೂ ಇಲ್ಲ. ಒಂದು ವರ್ಷ ಏರುತ್ತದೆ, ಎರಡು ವರ್ಷ ಇಳಿಯುತ್ತದೆ, ಮತ್ತೆ ಏರುತ್ತದೆ. ಇಷ್ಟು ಚೂರಿಗೆ ಇಷ್ಟು ರಂಪವೇ ಎಂದೆ. ಅಪ್ಪ ತಲೆಯಾಡಿಸಿದ. "ಹನ್ನೊಂದು ಡಿಗ್ರಿ ಮನುಷ್ಯಾನ ತಪ್ಪಿನಿಂದ ಬರ್ತದ ಯವ್ವಾ. ಹವಾ ಬದಲಾದ್ರ ಇಂಥ ಚೂರಿನಾಗ ಕಾಣತದ. ಖರೇ ಸುದ್ದಿ ಇದ್ರ ಆ ಅರ್ಧ ಡಿಗ್ರಿನಾಗ ಅದ. ಪೆಟ್ಟಿಗಿ ಬಾಜೂಕಿನ ಮಾವಿನ ಗಿಡ ಮೂವತ್ತೊಂದರಾಗ ಕಡದ್ರು, ಅದನ್ನೂ ಸಾಹೇಬಗ ಹೇಳಂತ ಬರಿ, ಅದರದ್ದೂ ಇರಬಹುದು" ಅಂದ. ನಿನ್ನ ಸಾಹೇಬ ಇನ್ನೊಂದು ಇಪ್ಪತ್ತೈದು ವರ್ಷ ಕಾಯಬೇಕಾದೀತು.

ನಿನ್ನ ಕಾಗದದ ಕೊನೆಯಲ್ಲಿ ಅಪ್ಪನ ಕ್ಷಮೆ ಕೇಳಿದ್ದೀಯಲ್ಲ, ಆ ಭಾಗವನ್ನು ಎರಡು ಸಲ ಓದಿಸಿದ. ಸಂಜೆ ಪೀರಸಾಬನ ಕಟ್ಟೆಯ ಮೇಲೆ, "ನಮ್ಮ ಧರ್ಮ ದಿನಕ್ಕ ಎರಡು ಸಲ ನೋಡ್ಯಾನ, ನಾ ಒಂದೇ ಸಲ ನೋಡ್ತಿದ್ದೆ" ಎಂದು ಹೇಳುತ್ತಿದ್ದುದು ನನಗೆ ಕೇಳಿಸಿತು. ನಿನಗೆ ಅಷ್ಟು ಸಾಕು.

ಸಾಹೇಬ ಕೇಳಿದಂತೆ ಇಪ್ಪತ್ತನಾಲ್ಕು ನೋಟ್‌ಬುಕ್ಕುಗಳನ್ನೂ ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಹಜರಾಬಿ ಹಳೆಯ ಸೀರೆಯಲ್ಲಿ ಹೊಲಿದುಕೊಟ್ಟಿದ್ದಾಳೆ. ವೇಳೆಗೆ ಸರಿಯಾಗಿ ಉಣ್ಣು, ಬಿಸಿಲಲ್ಲಿ ಟೊಪ್ಪಿಗೆ ಮರೆಯಬೇಡ. ನಿನ್ನ ಆಯುಷ್ಯ ಹೆಚ್ಚಲಿ, ಕೈಬರಹವೂ ಸುಧಾರಿಸಲಿ.

ನಿನ್ನ ಅಕ್ಕ
ತುಳಜಾಬಾಯಿ

ತಾ.ಕ. ಕಾಗದ ಮಡಿಸುವಾಗ ಅಪ್ಪ ಬಂದು ಕುಳಿತ. "ಇನ್ನೊಂದು ಬರಿ. ಅದರಾಗ ಒಂದು ಸುಳ್ಳು ಅದ" ಅಂದ. ೧೯೨೯ರ ನೋಟ್‌ಬುಕ್ಕನ್ನು ಹೊರಗೆ ತೆಗೆಸಿದ. ಜೂನ್ ಎಂಟರಿಂದ ಇಪ್ಪತ್ತನಾಲ್ಕರವರೆಗೆ ಹದಿನೇಳು ದಿನ ಒಂದೇ ಅಂಕಿ ಇದೆ. ಅರವತ್ತೆಂಟು, ಅರವತ್ತೆಂಟು, ಅರವತ್ತೆಂಟು. ಸರಾಸರಿ ತೆಗೆಯುವಾಗ ನನ್ನ ಕಣ್ಣು ಅದರ ಮೇಲೆ ಹರಿದಿತ್ತು, ಅಲ್ಲಿಯ ಚಳಿಗಾಲ ಎಂದು ಬಿಟ್ಟಿದ್ದೆ. "ಆ ದಿವಸ ನಾ ಪೆಟ್ಟಿಗಿ ತೆಗೀಲಿಲ್ಲ. ಸುಮ್ನ ಬರದೆ. ಹೊಡದು ಹಾಕಂತ ಸಾಹೇಬಗ ತಿಳಸು" ಅಂದ. ಯಾಕೆ ತೆಗೆಯಲಿಲ್ಲ ಎಂದು ಕೇಳಿದೆ. "ಮೈಯಾಗ ಆರಾಮ ಇರಲಿಲ್ಲ" ಎಂದು ಎದ್ದು ಹೋದ. ಜೂನ್ ಎಂಟರ ಪಕ್ಕದಲ್ಲಿ ಸಣ್ಣಗೆ ಬರೆದಿದೆ: ಊರಿಂದ ಕಾಗದ ಬಂತು.

ಆ ಕಾಗದ ನಾನು ಬರೆದದ್ದು ಧರ್ಮಣ್ಣ. ಅವ್ವ ತೀರಿಕೊಂಡಳು ಎಂದು ಬರೆದದ್ದು. ನನಗೆ ಹದಿನೆಂಟು, ನಿನಗೆ ಏಳು. ಅಪ್ಪನ ಉತ್ತರ ಆಗಸ್ಟಿನಲ್ಲಿ ಬಂತು. ಕೊಳಕೂರಿನಲ್ಲಿ ಮಳೆ ಎಷ್ಟಾಯಿತು, ಧರ್ಮನಿಗೆ ಸಿಡುಬಿನ ಮೈಲಿ ಹಾಕಿಸಿದೆಯಾ ಎಂದಿತ್ತು. ಅವ್ವನ ಬಗ್ಗೆ ಒಂದು ಅಕ್ಷರವಿರಲಿಲ್ಲ. ಅದನ್ನು ನಿನಗೆ ಓದಿ ಹೇಳಿ, "ನೋಡು, ನಿಮ್ಮಪ್ಪನ ಕಣ್ಣಾಗ ನೀರಿಲ್ಲ" ಅಂದೆ. ಒಂದು ಸಲವಲ್ಲ, ನೀನು ದೊಡ್ಡವನಾಗುವವರೆಗೆ ಎಷ್ಟೋ ಸಲ ಅಂದೆ. ಅಪ್ಪನ ಮೇಲೆ ನಿನಗೆ ಅನುಮಾನ ಹುಟ್ಟಿಸಿದವನು ಸಾಹೇಬನಲ್ಲ, ನಾನು. ಹೋದ ವರ್ಷ ನಿನ್ನನ್ನು ಅಷ್ಟು ಬೈದೆ. ಆ ಬೈಗುಳ ನನಗೆ ಸೇರಬೇಕಾದದ್ದು, ನನ್ನನ್ನು ಕ್ಷಮಿಸು.

ಆ ಹದಿನೇಳು ದಿನ ಹೊಡೆದುಹಾಕಲು ಸಾಹೇಬನಿಗೆ ಹೇಳು, ಅಪ್ಪನ ಮಾತು ನಡೆಯಲಿ. ಆದರೆ ನೋಟ್‌ಬುಕ್ಕಿನಲ್ಲಿ ಆ ಒಂದು ಹಾಳೆ ನಿನಗೆ ಸಿಗುವುದಿಲ್ಲ, ಬಿಡಿಸಿ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಅವ್ವನ ಬಗ್ಗೆ ಅಪ್ಪ ನನಗೆ ಬರೆದ ಕಾಗದ ಅದು.